ಹಲ್ಲು ಬರುವ ಕೂಸು, ನಿದ್ದೆಯಿಲ್ಲದ ರಾತ್ರಿ

ತಾಯಂದಿರಿಗೆ ಹಾಗೂ ಮನೆಯ ಹಿರಿಯರಿಗೆ ಒಂದು ಆರೋಗ್ಯ ಪಾಠ

"ಕೂಸಿಗಿ ಹಲ್ಲು ಬರ್ಲಾಕತ್ಯಾವ್ರಿ ಡಾಕ್ಟ್ರೇ, ರಾತ್ರಿಯೆಲ್ಲ ಅಳ್ತದ, ಯಾರಿಗೂ ನಿದ್ದಿ ಇಲ್ಲ." ಚಿದ್ರಿ, ಭಾಲ್ಕಿ, ಔರಾದ ಕಡೆಯಿಂದ ಕೂಸನ್ನು ಎತ್ತಿಕೊಂಡು ಬರುವ ತಾಯಂದಿರ ಬಾಯಲ್ಲಿ ಈ ಮಾತು ಸಾಮಾನ್ಯ. ತಾಯಿಯ ಕಣ್ಣು ಕೆಂಪಾಗಿರುತ್ತವೆ, ಜೊತೆಗೆ ಬಂದ ಅತ್ತೆ ಅಥವಾ ಅಜ್ಜಿ ತಮಗೆ ಗೊತ್ತಿದ್ದ ಮನೆಮದ್ದೆಲ್ಲ ಮಾಡಿ ಸೋತಿರುತ್ತಾರೆ. ಹಲ್ಲು ಬರುವುದು ರೋಗವಲ್ಲ, ಬೆಳವಣಿಗೆಯ ಒಂದು ಹಂತ. ಸ್ವಲ್ಪ ತಿಳಿವಳಿಕೆ, ಸ್ವಲ್ಪ ತಾಳ್ಮೆ ಇದ್ದರೆ ಈ ದಿನಗಳನ್ನು ಮನೆಯಲ್ಲಿಯೇ ಸುಲಭವಾಗಿ ದಾಟಬಹುದು.

ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿದೆ. ಜ್ವರ ಬಂದರೂ, ಭೇದಿಯಾದರೂ, ಕೂಸು ಹಾಲು ಬಿಟ್ಟರೂ "ಹಲ್ಲು ಬರ್ತಾವ, ಅದಕ್ಕೇ" ಎಂದು ಸುಮ್ಮನಿರುವ ರೂಢಿ ನಮ್ಮಲ್ಲಿದೆ. ಹಾಗೆ ಕಳೆದ ಎರಡು ದಿನ ಕೂಸಿನ ಜೀವಕ್ಕೆ ಕುತ್ತು ತರಬಹುದು. ಆದ್ದರಿಂದ ಯಾವುದು ಹಲ್ಲಿನ ತೊಂದರೆ, ಯಾವುದು ಅಲ್ಲ ಎಂಬುದನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು.

ಹಲ್ಲು ಯಾವಾಗ, ಹೇಗೆ ಬರುತ್ತವೆ?

ಹಾಲುಹಲ್ಲುಗಳು ಕೂಸು ಹೊಟ್ಟೆಯಲ್ಲಿದ್ದಾಗಲೇ ಒಸಡಿನೊಳಗೆ ರೂಪುಗೊಳ್ಳಲು ತೊಡಗುತ್ತವೆ. ಹೆಚ್ಚಿನ ಮಕ್ಕಳಲ್ಲಿ ಸುಮಾರು 6 ತಿಂಗಳಿಗೆ ಮೊದಲ ಹಲ್ಲು ಕಾಣಿಸುತ್ತದೆ. ಕೆಲವರಿಗೆ 4 ತಿಂಗಳಿಗೇ ಬರಬಹುದು, ಕೆಲವರಿಗೆ ವರ್ಷ ತುಂಬಿದ ಮೇಲೂ ಬರಬಹುದು. ಎರಡೂ ಸಹಜವೇ. ಪಕ್ಕದ ಮನೆಯ ಕೂಸಿಗೆ ಬಂದವು, ನಮ್ಮದಕ್ಕೆ ಬರಲಿಲ್ಲ ಎಂದು ಚಿಂತಿಸಬೇಡಿ. ಒಂದೂವರೆ ವರ್ಷವಾದರೂ ಒಂದೂ ಹಲ್ಲು ಬಾರದಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ಸಾಮಾನ್ಯ ಕ್ರಮ ಹೀಗಿದೆ:

ಕೆಳಗಿನ ನಡುವಿನ ಎರಡು ಹಲ್ಲು: 6 ರಿಂದ 10 ತಿಂಗಳು
ಮೇಲಿನ ನಡುವಿನ ಎರಡು ಹಲ್ಲು: 8 ರಿಂದ 12 ತಿಂಗಳು
ಅವುಗಳ ಪಕ್ಕದ ಹಲ್ಲುಗಳು: 9 ರಿಂದ 16 ತಿಂಗಳು
ಮೊದಲ ದವಡೆ ಹಲ್ಲುಗಳು: 13 ರಿಂದ 19 ತಿಂಗಳು
ಕೋರೆ ಹಲ್ಲುಗಳು: 16 ರಿಂದ 22 ತಿಂಗಳು
ಎರಡನೆಯ ದವಡೆ ಹಲ್ಲುಗಳು: 23 ರಿಂದ 33 ತಿಂಗಳು

ಹೀಗೆ ಮೂರು ವರ್ಷ ತುಂಬುವಷ್ಟರಲ್ಲಿ ಒಟ್ಟು 20 ಹಾಲುಹಲ್ಲು ಬರುತ್ತವೆ. ಈ ಕ್ರಮ ಸ್ವಲ್ಪ ಹಿಂದುಮುಂದಾದರೂ ತೊಂದರೆಯಿಲ್ಲ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಇದೆ. ಇದರಲ್ಲಿ ಯಾವ ಹುರುಳೂ ಇಲ್ಲ. ಹಲ್ಲಿನ ಸರದಿ ಒಂದೊಂದು ಕೂಸಿಗೆ ಒಂದೊಂದು ರೀತಿ ಇರುತ್ತದೆ, ಅಷ್ಟೆ. ಈ ಕಾರಣಕ್ಕಾಗಿ ಬಾಣಂತಿಯನ್ನಾಗಲಿ ಕೂಸನ್ನಾಗಲಿ ಯಾರೂ ಆಡಿಕೊಳ್ಳಬಾರದು.

ಹಲ್ಲು ಬರುವಾಗ ನಿಜವಾಗಿ ಆಗುವುದೇನು?

ಹಲ್ಲು ಮೇಲಕ್ಕೆ ಬರುವಾಗ ಒಸಡು ಬಿಗಿಯಾಗಿ, ಸ್ವಲ್ಪ ಕೆಂಪಾಗಿ ಊದಿಕೊಳ್ಳುತ್ತದೆ. ಆಗ ಕಾಣುವ ಲಕ್ಷಣಗಳು ಇವು:

1. ಜೊಲ್ಲು ಹೆಚ್ಚು ಸುರಿಯುತ್ತದೆ. ಗದ್ದ, ಕುತ್ತಿಗೆ ತೊಯ್ದು ಸಣ್ಣ ಗುಳ್ಳೆ ಏಳಬಹುದು.
2. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ಕಚ್ಚುತ್ತದೆ. ಹಾಲು ಕುಡಿಯುವಾಗ ತಾಯಿಯ ಮೊಲೆಯನ್ನೂ ಕಚ್ಚಬಹುದು.
3. ಒಸಡು, ಕೆನ್ನೆ, ಕಿವಿ ಉಜ್ಜಿಕೊಳ್ಳುತ್ತದೆ.
4. ಕಿರಿಕಿರಿ ಮಾಡುತ್ತದೆ, ಎತ್ತಿಕೊಂಡೇ ಇರಬೇಕೆನ್ನುತ್ತದೆ, ರಾತ್ರಿ ಒಂದೆರಡು ಸಲ ಹೆಚ್ಚು ಏಳಬಹುದು.
5. ಗಟ್ಟಿ ಆಹಾರ ಬೇಡವೆನ್ನಬಹುದು.
6. ಮೈ ಸ್ವಲ್ಪ ಬೆಚ್ಚಗಿರಬಹುದು. ಆದರೆ ಜ್ವರ ಎನ್ನುವಷ್ಟು ಏರುವುದಿಲ್ಲ.

ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು ನೂರಕ್ಕೂ ಹೆಚ್ಚು ಕೂಸುಗಳನ್ನು ದಿನದಿನವೂ ಗಮನಿಸಿ, 475 ಹಲ್ಲುಗಳು ಮೂಡಿದ್ದನ್ನು ಬರೆದಿಟ್ಟು, 2000ನೇ ಇಸವಿಯಲ್ಲಿ ವರದಿ ಪ್ರಕಟಿಸಿದರು. ಅವರು ಕಂಡುಕೊಂಡಂತೆ ಈ ತೊಂದರೆಗಳು ಹಲ್ಲು ಮೂಡುವ 4 ದಿನ ಮೊದಲಿನಿಂದ, ಮೂಡಿದ 3 ದಿನದವರೆಗೆ, ಅಂದರೆ ಒಟ್ಟು ಸುಮಾರು 8 ದಿನ ಮಾತ್ರ ಇರುತ್ತವೆ. ಹೆಚ್ಚು ಜ್ವರ, ಭೇದಿ, ವಾಂತಿ, ಕೆಮ್ಮು ಇವು ಹಲ್ಲಿನ ಜೊತೆ ಬರುವಂಥವಲ್ಲ ಎಂದೂ ಅದೇ ಅಧ್ಯಯನ ತೋರಿಸಿತು. ನಿಮ್ಮ ಕೂಸು ಎರಡು ತಿಂಗಳಿಂದ ರಾತ್ರಿ ನಿದ್ದೆ ಮಾಡುತ್ತಿಲ್ಲವಾದರೆ ಅದಕ್ಕೆ ಹಲ್ಲೊಂದೇ ಕಾರಣವಾಗಿರಲಾರದು.

ಹಲ್ಲಿನ ಹೆಸರಿಗೆ ಕಟ್ಟಬಾರದ ಕಾಯಿಲೆಗಳು

ಹಲ್ಲು ಬರುವ ವಯಸ್ಸಿನಲ್ಲಿಯೇ ಕೂಸು ಮೇಲಿಂದ ಮೇಲೆ ಕಾಯಿಲೆ ಬೀಳುವುದು ನಿಜ. ಆದರೆ ಅದಕ್ಕೆ ಕಾರಣ ಬೇರೆ. ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ 6 ತಿಂಗಳ ಹೊತ್ತಿಗೆ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಕೂಸು ಅಂಬೆಗಾಲಿಡುತ್ತದೆ, ನೆಲದ ಮೇಲಿನದನ್ನೆಲ್ಲ ಬಾಯಿಗೆ ಹಾಕುತ್ತದೆ, ಮೇಲಿನ ಆಹಾರ ಮತ್ತು ನೀರು ಶುರುವಾಗುತ್ತದೆ. ಹೊಲಸು ಕೈ, ತೊಳೆಯದ ಬಟ್ಟಲು, ಕುದಿಸದ ನೀರು ಇವುಗಳಿಂದ ಭೇದಿ ಬರುತ್ತದೆ. ಹಲ್ಲಿನಿಂದ ಬರುವುದಿಲ್ಲ.

ಈ ತಪ್ಪು ತಿಳಿವಳಿಕೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1842ರಲ್ಲಿ ಲಂಡನ್ನಿನಲ್ಲಿ ವರ್ಷದೊಳಗೆ ತೀರಿಕೊಂಡ ಕೂಸುಗಳಲ್ಲಿ ನೂರಕ್ಕೆ ಸುಮಾರು 5ರ ಸಾವಿಗೆ "ಹಲ್ಲು ಬಂದದ್ದು" ಕಾರಣವೆಂದು ದಾಖಲೆಯಲ್ಲಿ ಬರೆದಿದ್ದರು. ಆ ಕೂಸುಗಳನ್ನು ಕೊಂದದ್ದು ಭೇದಿ, ನ್ಯುಮೋನಿಯಾದಂಥ ರೋಗಗಳು. ಅಲ್ಲಿ ಹಲ್ಲು ಬರುವ ಕೂಸುಗಳಿಗೆ ಕೊಡುತ್ತಿದ್ದ ಪುಡಿಯಲ್ಲಿ ಪಾದರಸ ಇತ್ತು. ಅದರಿಂದ ಎಷ್ಟೋ ಮಕ್ಕಳು ವಿಷವೇರಿ ನರಳಿದ ಮೇಲೆ 1950ರ ದಶಕದಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ಆಯುರ್ವೇದದಲ್ಲಿ ಮಕ್ಕಳ ಆರೈಕೆಯನ್ನೇ ಹೇಳುವ ಕಾಶ್ಯಪ ಸಂಹಿತೆಯಲ್ಲಿ ಹಲ್ಲು ಹುಟ್ಟುವುದರ ಬಗ್ಗೆ ಪ್ರತ್ಯೇಕ ಅಧ್ಯಾಯವೇ ಇದೆ. ಅಂದಿನಿಂದ ಇಂದಿನವರೆಗೆ ಹಿರಿಯರನ್ನು ಕಾಡಿದ ಚಿಂತೆ ಇದು. ಆದರೆ ಇಂದು ನಮಗೆ ನಿಜವಾದ ಕಾರಣ ಗೊತ್ತಿದೆ. ಗೊತ್ತಿದ್ದೂ ತಡಮಾಡಬಾರದು.

ಕೂಸಿಗೆ ಭೇದಿಯಾದರೆ: ತಾಯಿಯ ಹಾಲು ನಿಲ್ಲಿಸಬೇಡಿ. ಓ.ಆರ್.ಎಸ್. ಪೊಟ್ಟಣದ ಪೂರ್ತಿ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ, ಅಂದರೆ ದೊಡ್ಡ ಪೊಟ್ಟಣವಾದರೆ 1 ಲೀಟರ್, ಕುದಿಸಿ ಆರಿಸಿದ ನೀರಿಗೆ ಹಾಕಿ ಕಲಸಿ. ಒಂದೊಂದು ಸಲ ಭೇದಿಯಾದ ಮೇಲೂ ಕಾಲಿನಿಂದ ಅರ್ಧ ಲೋಟ, ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಿ. ಕಲಸಿದ ನೀರನ್ನು 24 ಗಂಟೆಯ ಮೇಲೆ ಇಡಬಾರದು. ಜೊತೆಗೆ ಜಿಂಕ್ ಮಾತ್ರೆಯನ್ನು ಹಾಲಿನಲ್ಲಿ ಇಲ್ಲವೆ ನೀರಿನಲ್ಲಿ ಕರಗಿಸಿ 14 ದಿನ ಕೊಡಬೇಕು. 2 ರಿಂದ 6 ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, 6 ತಿಂಗಳ ಮೇಲೆ 20 ಮಿಲಿಗ್ರಾಂ. ಭೇದಿ ನಿಂತರೂ 14 ದಿನ ಪೂರೈಸಬೇಕು. ಇವೆರಡೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.

ಒಸಡಿಗೆ ತಂಪು ನೀಡುವ ಸುಲಭ ಉಪಾಯಗಳು

1. ಬೆರಳಿನಿಂದ ತಿಕ್ಕುವುದು: ಸಾಬೂನಿನಿಂದ ಕೈ ತೊಳೆದು, ಉಗುರು ಕತ್ತರಿಸಿದ ಬೆರಳಿನಿಂದ ಒಸಡನ್ನು ಒಂದೆರಡು ನಿಮಿಷ ಮೆಲ್ಲಗೆ ತಿಕ್ಕಿ. ಎಲ್ಲಕ್ಕಿಂತ ಒಳ್ಳೆಯ ಮದ್ದು ಇದೇ. ತಂಬಾಕು, ಮಶೇರಿ ಮುಟ್ಟಿದ ಬೆರಳನ್ನು ಮಾತ್ರ ಕೂಸಿನ ಬಾಯಿಗೆ ಹಾಕಕೂಡದು.

2. ತಂಪು ಬಟ್ಟೆ: ಶುದ್ಧವಾದ ಹತ್ತಿ ಬಟ್ಟೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿ, ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತಿಟ್ಟು ಕಚ್ಚಲು ಕೊಡಿ. ಫ್ರಿಜ್ ಇಲ್ಲದಿದ್ದರೆ ಕುದಿಸಿದ ನೀರನ್ನು ಶುದ್ಧವಾದ ಮಣ್ಣಿನ ಗಡಿಗೆಯಲ್ಲಿ ತಂಪಾಗಿಸಿ ಬಳಸಿ. ಬಟ್ಟೆಯ ಒಂದು ತುದಿ ನಿಮ್ಮ ಕೈಯಲ್ಲಿಯೇ ಇರಲಿ.

3. ಸ್ಟೀಲ್ ಚಮಚ: ತಂಪಾದ ಚಮಚದ ಹಿಂಬದಿಯನ್ನು ಒಸಡಿಗೆ ಒತ್ತಿ ಹಿಡಿಯಿರಿ.

4. ಕಚ್ಚುವ ರಬ್ಬರ್ ಬಳೆ: ತಂಪು ಮಾಡಿ ಕೊಡಬಹುದು. ಆದರೆ ಮಂಜುಗಡ್ಡೆಯಾಗುವಷ್ಟು ಗಟ್ಟಿ ಮಾಡಬಾರದು, ಒಸಡಿಗೆ ಗಾಯವಾಗುತ್ತದೆ. ಒಳಗೆ ನೀರು ತುಂಬಿದ ಬಳೆ ಬೇಡ. ದಾರ ಕಟ್ಟಿ ಕೊರಳಿಗೆ ಹಾಕಬೇಡಿ. ಗಿಲಕಿ, ಬಳೆ ಏನೇ ಇರಲಿ ದಿನವೂ ತೊಳೆಯಿರಿ.

5. 6 ತಿಂಗಳು ತುಂಬಿದ ಕೂಸಿಗೆ ಕಿವುಚಿದ ತಂಪು ಬಾಳೆಹಣ್ಣು, ಹುಳಿಯಿಲ್ಲದ ಮೊಸರು, ಆರಿಸಿದ ತೆಳು ಗಂಜಿ ಹಿತವಾಗುತ್ತದೆ. 6 ತಿಂಗಳ ಒಳಗಿನ ಕೂಸಿಗೆ ತಾಯಿಯ ಹಾಲೊಂದೇ ಸಾಕು.

6. ಜೊಲ್ಲನ್ನು ಮೆತ್ತನೆಯ ಬಟ್ಟೆಯಿಂದ ಒರೆಸದೆ ಒತ್ತಿ ತೆಗೆಯಿರಿ. ಮಲಗಿಸುವ ಮುಂಚೆ ಗದ್ದಕ್ಕೆ ಸ್ವಲ್ಪ ವ್ಯಾಸಲಿನ್ ಇಲ್ಲವೆ ಕೊಬ್ಬರಿ ಎಣ್ಣೆ ಸವರಿ. ತೊಯ್ದ ಜಬಲಾ ಬದಲಿಸಿ.

ಕೂಸು ಮೊಲೆ ಕಚ್ಚಿದರೆ ಕೂಗಬೇಡಿ, ಹೊಡೆಯಬೇಡಿ. ಕೂಸನ್ನು ಎದೆಗೆ ಇನ್ನೂ ಹತ್ತಿರ ಒತ್ತಿಕೊಂಡರೆ ತಾನೇ ಬಾಯಿ ತೆರೆಯುತ್ತದೆ. ಹಾಲುಣಿಸುವ ಮುಂಚೆ ಒಸಡನ್ನು ತಿಕ್ಕಿದರೆ ಕಚ್ಚುವುದು ಕಡಿಮೆಯಾಗುತ್ತದೆ. ಹಲ್ಲು ಬಂದವೆಂದು ಎದೆಹಾಲು ಬಿಡಿಸುವುದು ಸರಿಯಲ್ಲ.

ರಾತ್ರಿ ನಿದ್ದೆಗೆ ಏನು ಮಾಡಬೇಕು?

4 ತಿಂಗಳಿಂದ ವರ್ಷದೊಳಗಿನ ಕೂಸಿಗೆ ಹಗಲು ರಾತ್ರಿ ಸೇರಿ 12 ರಿಂದ 16 ಗಂಟೆ ನಿದ್ದೆ ಬೇಕು. ಆದರೆ ಒಂದೇ ಸಮನೆ ಅಲ್ಲ. ರಾತ್ರಿ ನಡುವೆ ಏಳುವುದು ಈ ವಯಸ್ಸಿನ ಸ್ವಭಾವ. ಹೊರಳಲು, ಅಂಬೆಗಾಲಿಡಲು ಕಲಿಯುವ ದಿನಗಳಲ್ಲಿಯೂ, 8 ತಿಂಗಳ ಸುಮಾರಿಗೆ ತಾಯಿ ಕಾಣದಿದ್ದರೆ ಹೆದರುವ ದಿನಗಳಲ್ಲಿಯೂ ಕೂಸು ಹೆಚ್ಚು ಏಳುತ್ತದೆ. ಹಲ್ಲೂ ಅದೇ ಹೊತ್ತಿಗೆ ಬರುವುದರಿಂದ ಎಲ್ಲವನ್ನೂ ಹಲ್ಲಿನ ಮೇಲೆ ಹಾಕುತ್ತೇವೆ.

ದಿನವೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಮಲಗಿಸಿ. ಬೆಚ್ಚನೆಯ ನೀರಿನಿಂದ ಮೈ ಒರೆಸುವುದು, ಒಸಡು ತಿಕ್ಕುವುದು, ಹೊಟ್ಟೆತುಂಬ ಹಾಲು, ದೀಪ ಸಣ್ಣದು, ಮೆಲುದನಿಯ ಜೋಗುಳ. ನಾಲ್ಕಾರು ದಿನ ಹೀಗೆ ಮಾಡಿದರೆ ಕೂಸಿಗೇ ಇದು ಮಲಗುವ ಹೊತ್ತು ಎಂದು ತಿಳಿಯುತ್ತದೆ. ಟಿವಿ, ಮೊಬೈಲು ಕೂಸಿನ ಹತ್ತಿರ ಬೇಡ. ಸಂಜೆ ತಡವಾಗಿ ಮಲಗಿಸಬೇಡಿ. ದಣಿದು ಕಂಗಾಲಾದ ಕೂಸು ಹೆಚ್ಚು ಅಳುತ್ತದೆ.

ರಾತ್ರಿ ಎದ್ದರೆ ಕೂಡಲೇ ದೀಪ ಹಚ್ಚಿ ಎತ್ತಿಕೊಂಡು ತಿರುಗಾಡಬೇಡಿ. ಮೊದಲು ಮೈಮೇಲೆ ಕೈಯಿಟ್ಟು ತಟ್ಟಿ. ಅಳು ನಿಲ್ಲದಿದ್ದರೆ ಬಟ್ಟೆ ತೊಯ್ದಿದೆಯೇ, ಸೆಖೆಯೇ, ಸೊಳ್ಳೆಯೇ, ಹಸಿವೆಯೇ, ಮೂಗು ಕಟ್ಟಿದೆಯೇ ನೋಡಿ. ಬೀದರಿನ ಬೇಸಿಗೆಯಲ್ಲಿ ಕುಂಚಿಗಿ, ಕುಲಾಯಿ ಹಾಕಿ ಮಲಗಿಸಿದರೆ ಕೂಸು ಸೆಖೆಗೇ ಅಳುತ್ತದೆ. ತೆಳ್ಳನೆಯ ಹತ್ತಿ ಬಟ್ಟೆ ಸಾಕು. ಸೊಳ್ಳೆಪರದೆ ಕಟ್ಟಿ.

ಕೂಸನ್ನು ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿರಲಿ, ತಲೆದಿಂಬು, ದಪ್ಪ ಕೌದಿ ಮುಖದ ಹತ್ತಿರ ಇರಬಾರದು. ಸೀರೆಯ ಜೋಳಿಗೆಯಲ್ಲಿ ಮಲಗಿಸಿದರೆ ದೊಡ್ಡವರೊಬ್ಬರು ಎಚ್ಚರವಾಗಿ ಹತ್ತಿರವೇ ಇರಬೇಕು. ನಿದ್ದೆ ಹತ್ತಿದ ಮೇಲೆ ಕೂಸನ್ನು ಸಮನಾದ ಹಾಸಿಗೆಗೆ ಇಳಿಸಿ. ಮಲಗಿಸುವ ಮುಂಚೆ ಕೊರಳಿನ ದಾರ, ತಾಯಿತ, ಮಣಿಸರ ಎಲ್ಲ ತೆಗೆದಿಡಿ. ನಿದ್ದೆಯಲ್ಲಿ ಹೊರಳಿದಾಗ ಬಿಗಿದು ಉಸಿರು ಕಟ್ಟಬಹುದು. ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ, ಹೊಸ ಹಲ್ಲು ಹುಳುಕಾಗುತ್ತವೆ.

ಒಂದು ಮಾತು ಮನೆಯ ಗಂಡಸರಿಗೆ. ಹಗಲೆಲ್ಲ ದುಡಿದ ತಾಯಿಗೆ ರಾತ್ರಿಯೂ ನಿದ್ದೆಯಿಲ್ಲದಿದ್ದರೆ ಅವಳೇ ಕಾಯಿಲೆ ಬೀಳುತ್ತಾಳೆ. ತಂದೆ, ಅಜ್ಜ, ಅಜ್ಜಿ ಸರದಿಯ ಮೇಲೆ ಕೂಸನ್ನು ನೋಡಿಕೊಳ್ಳಿ. ಹಗಲು ಕೂಸು ಮಲಗಿದಾಗ ತಾಯಿಯೂ ಮಲಗಲಿ. ರೊಟ್ಟಿ ಬಡಿಯುವ ಕೆಲಸ ಒಂದು ಗಳಿಗೆ ತಡವಾದರೆ ಏನೂ ಹಾಳಾಗುವುದಿಲ್ಲ.

ಇವನ್ನು ಮಾಡಲೇಬಾರದು

ಜೇನುತುಪ್ಪ: ವರ್ಷದೊಳಗಿನ ಕೂಸಿಗೆ ನೆಕ್ಕಿಸಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಕೂಸಿನ ಕೈಕಾಲಿನ ಶಕ್ತಿ ಕುಂದಿಸಿ ಉಸಿರಾಟಕ್ಕೇ ತೊಂದರೆ ಮಾಡಬಲ್ಲದು.

ಬಿಳಿಗಾರ (ಸುಹಾಗಾ): ಇದನ್ನು ಜೇನಿನಲ್ಲಿ ಕಲಸಿ ಒಸಡಿಗೆ ತಿಕ್ಕುವ ರೂಢಿ ಕೆಲವು ಮನೆಗಳಲ್ಲಿದೆ. ಇದು ಕೂಸಿನ ಮೈಗೆ ವಿಷ. ಇದರಿಂದ ಫಿಟ್ಸ್ ಬಂದ ಉದಾಹರಣೆಗಳಿವೆ.

ನಿದ್ದೆ ಬರಿಸುವ ಮದ್ದು: ಅಫೀಮು ಬೆರೆತ ಗುಳಿಗೆ, ಹೆಸರಿಲ್ಲದ ಗುಟ್ಟಿ, ನೆಗಡಿ ಕೆಮ್ಮಿನ ಸಿರಪ್ ಯಾವುದೂ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಹಲವು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬಾರದೆಂದು ಕೇಂದ್ರ ಸರ್ಕಾರವೇ ಸೂಚನೆ ಹೊರಡಿಸಿದೆ.

ಒಸಡು ಮರಗಟ್ಟಿಸುವ ಜೆಲ್: ಬೆಂಜೊಕೇನ್, ಲಿಡೊಕೇನ್ ಇರುವ ಜೆಲ್ಲನ್ನು ನೀವಾಗಿಯೇ ತಂದು ಹಚ್ಚಬೇಡಿ. ಬೆಂಜೊಕೇನ್‌ನಿಂದ ರಕ್ತ ಪ್ರಾಣವಾಯು ಹೊರುವ ಶಕ್ತಿ ಕಳೆದುಕೊಳ್ಳಬಹುದು. 2 ವರ್ಷದೊಳಗಿನವರಿಗೆ ಇದು ಬೇಡವೆಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಕಟ್ಟುನಿಟ್ಟಾಗಿ ಹೇಳಿದೆ.

ಗಟ್ಟಿ ತಿನಿಸು: ಉತ್ತತ್ತಿ, ಹಸಿ ಗಜ್ಜರಿ, ಖಡಕ್ ರೊಟ್ಟಿಯ ತುಂಡು ಕಚ್ಚಲು ಕೊಟ್ಟು ಆಚೆ ಹೋಗಬೇಡಿ. ಚೂರು ಮುರಿದು ಗಂಟಲಿಗೆ ಸಿಕ್ಕರೆ ಕ್ಷಣದಲ್ಲಿ ಅನಾಹುತ.

ಒಸಡು ಕೊಯ್ಯುವುದು, ಉಪ್ಪು ತಿಕ್ಕುವುದು: ಗಾಯವಾಗಿ ನಂಜಾಗುತ್ತದೆ.

ನೋವಿನ ಔಷಧಿ ಕೊಡಬಹುದೇ?

ಮೇಲಿನ ಉಪಾಯಗಳಿಂದ ಸಮಾಧಾನವಾಗದೆ ಕೂಸು ತೀರ ನರಳಿದರೆ, ವೈದ್ಯರನ್ನು ಕೇಳಿ ಒಂದೆರಡು ರಾತ್ರಿ ಪ್ಯಾರಾಸಿಟಮಾಲ್ ಕೊಡಬಹುದು. ಪ್ರಮಾಣ ಕೂಸಿನ ತೂಕದ ಮೇಲೆ, ಪ್ರತಿ ಕಿಲೋಗೆ ಒಂದು ಸಲಕ್ಕೆ 10 ರಿಂದ 15 ಮಿಲಿಗ್ರಾಂ. ಅಂದರೆ 7 ಕಿಲೋ ಕೂಸಿಗೆ 70 ರಿಂದ 105 ಮಿಲಿಗ್ರಾಂ. ಎರಡು ಸಲದ ನಡುವೆ 6 ಗಂಟೆ ಅಂತರವಿರಲಿ, ದಿನಕ್ಕೆ 4 ಸಲಕ್ಕಿಂತ ಹೆಚ್ಚು ಬೇಡ. ಹನಿಯ ಬಾಟಲಿ ಸಿರಪ್ಪಿಗಿಂತ ಹಲವು ಪಟ್ಟು ಗಾಢವಾಗಿರುತ್ತದೆ. ಸಿರಪ್ಪಿನ ಲೆಕ್ಕದಲ್ಲಿ ಹನಿಯನ್ನು ಚಮಚದಿಂದ ಅಳೆದು ಕೊಟ್ಟರೆ ಕೂಸಿನ ಲಿವರ್ ಕೆಡಬಹುದು. ಬಾಟಲಿಯನ್ನು ತಂದು ವೈದ್ಯರಿಗೆ ಇಲ್ಲವೆ ನರ್ಸಿಗೆ ತೋರಿಸಿ, ಎಷ್ಟು ಎಂದು ಗುರುತು ಹಾಕಿಸಿಕೊಳ್ಳಿ. ಆಸ್ಪಿರಿನ್ ಮಕ್ಕಳಿಗೆ ಬೇಡ. ನಿಮೆಸುಲೈಡ್ 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲಿಯೇ ನಿಷೇಧಿಸಲಾಗಿದೆ.

ತಾಯಂದಿರು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: 9 ತಿಂಗಳ ಚುಚ್ಚುಮದ್ದು ಇದೆ, ಹಲ್ಲು ಬರ್ತಾವ. ಮುಂದೆ ಹಾಕಬಹುದೇನ್ರಿ?
ಉತ್ತರ: ಬೇಡ. ಹಲ್ಲು ಬರುವುದು ಲಸಿಕೆ ತಪ್ಪಿಸಲು ಕಾರಣವಲ್ಲ. ದಡಾರ ರುಬೆಲ್ಲಾ ಲಸಿಕೆಯನ್ನು ತಪ್ಪದೆ ಹಾಕಿಸಿ.

ಪ್ರಶ್ನೆ: ಕೂಸು ಕಿವಿ ಹಿಡಕೊಂಡು ಅಳ್ತದ. ಹಲ್ಲಿಂದೇ ಏನ್ರಿ?
ಉತ್ತರ: ಹಲ್ಲಿನಿಂದಲೂ ಇರಬಹುದು. ಆದರೆ ಜ್ವರವಿದ್ದರೆ, ಮಲಗಿಸಿದ ಕೂಡಲೆ ಅಳು ಹೆಚ್ಚಾದರೆ, ಕಿವಿ ಸೋರಿದರೆ ಅದು ಕಿವಿಯ ಸೋಂಕು. ಕಿವಿಗೆ ಎಣ್ಣೆ ಬಿಡದೆ ವೈದ್ಯರಲ್ಲಿಗೆ ಬನ್ನಿ.

ಪ್ರಶ್ನೆ: ದೃಷ್ಟಿ ಆಗ್ಯಾದ ಅಂತಾರ. ಏನ್ ಮಾಡೋದ್ರಿ?
ಉತ್ತರ: ದೃಷ್ಟಿ ತೆಗೆಯುವುದು ನಿಮ್ಮ ಮನಸ್ಸಿನ ಸಮಾಧಾನಕ್ಕೆ. ಆದರೆ ಅದಕ್ಕಾಗಿ ಆಸ್ಪತ್ರೆಗೆ ಬರುವುದು ಒಂದು ಗಂಟೆಯೂ ತಡವಾಗಬಾರದು. ಹೊಗೆ ಹಾಕುವಾಗ ಕೂಸನ್ನು ದೂರವಿಡಿ.

ಪ್ರಶ್ನೆ: ಹಲ್ಲು ಬಂದ ಮೇಲೆ ತಿಕ್ಕಬೇಕೇನ್ರಿ?
ಉತ್ತರ: ಮೊದಲ ಹಲ್ಲು ಕಂಡ ದಿನದಿಂದಲೇ. ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆರಡು ಸಲ ತಿಕ್ಕಿ. ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು.

ತಡಮಾಡದೆ ಆಸ್ಪತ್ರೆಗೆ ಬನ್ನಿ

* ಜ್ವರ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ. 3 ತಿಂಗಳೊಳಗಿನ ಕೂಸಾದರೆ ಅದೇ ಗಳಿಗೆ.
* ಎದೆಹಾಲು ಕುಡಿಯದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ.
* ನೀರಿನಂತೆ ಭೇದಿ, ಮಲದಲ್ಲಿ ರಕ್ತ ಕಂಡರೆ.
* ಕಣ್ಣು, ನೆತ್ತಿ ಒಳಗೆ ಹೋಗಿದ್ದರೆ, ಬಾಯಿ ಒಣಗಿದ್ದರೆ, 6 ಗಂಟೆಯಿಂದ ಉಚ್ಚೆ ಹೊಯ್ಯದಿದ್ದರೆ.
* ಕೂಸು ಜೋಲು ಬಿದ್ದು, ಎಬ್ಬಿಸಿದರೂ ಏಳದಿದ್ದರೆ.
* ಉಸಿರು ಜೋರಾಗಿ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ.
* ಫಿಟ್ಸ್ ಬಂದರೆ.
* ಬಾಯೊಳಗೆ ಗುಳ್ಳೆ, ಹುಣ್ಣು ಎದ್ದರೆ.
* ಮೂರು ಗಂಟೆಯಾದರೂ ಯಾವುದಕ್ಕೂ ಸುಮ್ಮನಾಗದೆ ಅತ್ತರೆ.

ರಾತ್ರಿಯೆಂದು, ದೂರವೆಂದು ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. ಔರಾದ, ಭಾಲ್ಕಿಯವರು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ, ಚಿದ್ರಿ ಮತ್ತು ನಗರದವರು ಬೀದರಿನ ಬ್ರಿಮ್ಸ್‌ಗೆ ಹೋಗಬಹುದು. ದಾರಿಯಲ್ಲಿ ಎದೆಹಾಲು, ಓ.ಆರ್.ಎಸ್. ಕೊಡುತ್ತಲೇ ಇರಿ. ಎಬ್ಬಿಸಿದರೂ ಏಳದ, ಫಿಟ್ಸ್ ಬಂದ ಕೂಸಿನ ಬಾಯಿಗೆ ಮಾತ್ರ ಏನೂ ಹಾಕಬೇಡಿ.

ನೆನಪಿಡಿ

ಹಲ್ಲಿನ ತೊಂದರೆ ಎಂಟು ದಿನದ್ದು. ತೊಳೆದ ಬೆರಳು, ತಂಪು ಬಟ್ಟೆ, ತಾಯಿಯ ಹಾಲು, ಮನೆಯವರ ಸರದಿ ಇವಿಷ್ಟರಿಂದಲೇ ಅದು ಕಳೆಯುತ್ತದೆ. ಜ್ವರ ಮತ್ತು ಭೇದಿ ಹಲ್ಲಿನದಲ್ಲ. ಈ ಒಂದು ಮಾತನ್ನು ನಿಮ್ಮ ಓಣಿಯ ಇನ್ನೊಬ್ಬ ತಾಯಿಗೂ ಹೇಳಿ. ಓದಲು ಬಾರದ ಅಜ್ಜಿಯಿದ್ದರೆ ಈ ಹಾಳೆಯನ್ನು ಅವರ ಮುಂದೆ ಕುಳಿತು ಓದಿ ಹೇಳಿ. ಕೂಸನ್ನು ಹೆಚ್ಚು ಹೊತ್ತು ಎತ್ತಿಕೊಳ್ಳುವವರು ಅವರೇ.